ತೋಳಿನ ಪಟ್ಟಿ, ಭುಜದ ನಕ್ಷತ್ರ

ನಮ್ಮ ಅಗ್ನಿಶಾಮಕ ಇಲಾಖೆಯಲ್ಲಿ ಭುಜಕ್ಕೆ ನಕ್ಷತ್ರ ಬರುವ ಮೊದಲು ತೋಳಿಗೆ ಪಟ್ಟಿ ಬರುತ್ತದೆ. ಅಗ್ನಿಶಾಮಕ, ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ. ಈ ನಾಲ್ಕು ಮೆಟ್ಟಿಲು ಹತ್ತುವುದರಲ್ಲೇ ನನ್ನ ನೌಕರಿ ತೀರಿತು. ನಮ್ಮ ಅಧಿಕಾರಿಗಳು ತಯಾರಾದದ್ದು ನಾಗಪುರದಲ್ಲಿ, ಬೆಂಗಳೂರಿನಲ್ಲಿ ಎಂದು ಕಾಗದಪತ್ರ ಹೇಳುತ್ತದೆ. ಅದು ಅರ್ಧ ನಿಜ. ಉಳಿದರ್ಧ ತಯಾರಾದದ್ದು ಆ ಎರಡನೇ ಮೆಟ್ಟಿಲಿನಲ್ಲಿ, ಪಟ್ಟಿ ಹಾಕಿದ ಹಳಬರ ಕೈಯಲ್ಲಿ. ಪೇಪರಿನ ಸುದ್ದಿಯಲ್ಲಿ ‘ಸಿಬ್ಬಂದಿ’ ಇರುತ್ತಾರೆ, ‘ಅಧಿಕಾರಿಗಳು’ ಇರುತ್ತಾರೆ. ನಡುವಿನವನ ಹೆಸರು ಬಂದದ್ದು ನಾನು ಕಂಡಿಲ್ಲ. ಪಿಂಚಣಿ ತಗೊಂಡು ಊರಲ್ಲಿ ಕೂತವನಿಗೆ ಪುರುಸೊತ್ತು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನವನು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅಜ್ಜನ ಕಾಲದಲ್ಲಿ ಬೆಂಕಿ ಆರಿಸುವುದು ಬೀದಿ ದೀಪ, ಗಟಾರುಗಳ ಸಾಲಿನಲ್ಲಿ ಪುರಸಭೆಯ ಕೆಲಸ. ಹಳ್ಳಿಗೆ ಪುರಸಭೆಯೇ ಇಲ್ಲ. ಹಾಗಂತ ಬೆಂಕಿ ಬಿದ್ದಾಗ ಊರು ತಲೆಯಿಲ್ಲದೆ ಓಡಾಡುತ್ತಿತ್ತು ಅಂತಲ್ಲ. ಕಣದಲ್ಲಿ ಬಣವೆ ಹತ್ತಿಕೊಂಡರೆ ಗೌಡರು, ಶಾನುಭೋಗರು ಬಂದು ನಿಲ್ಲುತ್ತಿದ್ದರು, ಸರಿ. ಆದರೆ ಹೇಳುವ ಮಾತು ನಡೆಯುತ್ತಿದ್ದದ್ದು ಬಣವೆ ಒಟ್ಟುವ ಮನುಷ್ಯನದು. ಮೇವಿನ ಸೂಡು ಯಾವ ಕಡೆಯಿಂದ ಕಟ್ಟುತ್ತ ಬಂದಿದೆ, ಎಲ್ಲಿ ಎಳೆದರೆ ಬಣವೆ ಬಿಚ್ಚಿಕೊಳ್ಳುತ್ತದೆ, ಎಲ್ಲಿ ಎಳೆದರೆ ಮೈಮೇಲೆ ಬೀಳುತ್ತದೆ ಎಂಬುದು ಅವನಿಗೆ ಗೊತ್ತು. ಅವನು ಕೈ ತೋರಿಸಿದ ಕಡೆ ಹರೆಯದವರು ಕೊಕ್ಕೆ ಹಾಕುತ್ತಿದ್ದರು, ಹೆಂಗಸರು ಬಾವಿಯಿಂದ ಕೊಡ ದಾಟಿಸುತ್ತಿದ್ದರು. ಬೆಂಕಿ ಆರಿದ ಮೇಲೆ ಅವನ ದೊಡ್ಡಸ್ತಿಕೆಯೂ ಆರುತ್ತಿತ್ತು. ಮರುದಿನ ಮತ್ತೆ ಕೂಲಿಗೆ.

ಇದನ್ನು ಹೇಳಲು ಕಾರಣವಿದೆ. ಊರಿನ ಬೆಂಕಿಗೆ ಊರೇ ಸಂಬಳ ಕೊಟ್ಟು ಕಾಯಂ ಪಡೆ ಕಟ್ಟಿದ ಮೊದಲಿಗರಲ್ಲಿ ಒಬ್ಬ ಜೇಮ್ಸ್ ಬ್ರೇಡ್‌ವುಡ್. 1824ರಲ್ಲಿ ಎಡಿನ್‌ಬರೊದಲ್ಲಿ ಅವನು ಆರಿಸಿಕೊಂಡದ್ದು ಹಂಚು ಹೊದಿಸುವವರು, ಬಡಗಿಗಳು, ಗೌಂಡಿಗಳು, ನಲ್ಲಿ ಕೆಲಸದವರನ್ನು. ಕಟ್ಟಿದವನಿಗೇ ಕಟ್ಟಡ ಹೇಗೆ ಬೀಳುತ್ತದೆ ಎಂಬುದೂ ಗೊತ್ತಿರುತ್ತದೆ ಎಂಬ ಲೆಕ್ಕ. ಅವರನ್ನು ಬೆಳಗಿನ ಜಾವ ಎಬ್ಬಿಸಿ ಕವಾಯತು ಮಾಡಿಸಿದ. ಬೆಂಕಿ ಯಂತ್ರಗಳ ಬಗ್ಗೆಯೂ ಆಳುಗಳನ್ನು ಪಳಗಿಸುವ ಬಗ್ಗೆಯೂ 1830ರಲ್ಲಿ ಪುಸ್ತಕ ಬರೆದ. ಆಮೇಲೆ ಲಂಡನ್ನಿಗೆ ಹೋಗಿ ಅಲ್ಲಿನ ಪಡೆಯ ಮುಖ್ಯಸ್ಥನಾದ. 1861ರ ಜೂನ್ 22ರಂದು ಟೂಲಿ ಸ್ಟ್ರೀಟಿನ ಗೋದಾಮುಗಳಿಗೆ ಬೆಂಕಿ ಬಿದ್ದಾಗ ದಣಿದ ತನ್ನವರನ್ನು ನೋಡಲು ಹೋಗಿದ್ದವನ ಮೇಲೆ ಗೋಡೆ ಕುಸಿಯಿತು. ಗೋಡೆಗಳ ವಿದ್ಯೆಯನ್ನು ಜಗತ್ತಿಗೆ ಕಲಿಸಿದವನು ಗೋಡೆಯ ಕೆಳಗೇ ಸತ್ತ. ನಾನು ತರಬೇತಿಗೆ ಹೋದ ಕಡೆ ಈ ಕತೆಯನ್ನು ಯಾರೂ ಹೇಳಲಿಲ್ಲ. ಪರೀಕ್ಷೆಗೆ ಬರುವುದಿಲ್ಲವಲ್ಲ.

ನಮಗೆ ಹೇಳಿದ ಕತೆ ಬೇರೆ, ಅದು ಮುಂಬಯಿಯದು. 1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕೀನ್’ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ, ಸಾವಿರಾರು ಹತ್ತಿ ಅಂಡಿಗೆ, ಜೊತೆಗೆ ಚಿನ್ನದ ಗಟ್ಟಿ. ಎರಡನೇ ಕೋಣೆಯಲ್ಲಿ ಹತ್ತಿಯೂ ಮದ್ದೂ ಒಂದೇ ಕಡೆ. ಮಧ್ಯಾಹ್ನ ಹೊಗೆ ಕಂಡಿತು. ಗಂಟೆಗಟ್ಟಲೆ ನೀರು ಹೊಡೆದರು. 900 ಟನ್‌ಗೂ ಹೆಚ್ಚು ನೀರು ಹಡಗಿನ ಹೊಟ್ಟೆಗೆ ಹೋಯಿತು. ಹಡಗನ್ನು ಮುಳುಗಿಸುವುದೋ, ಎಳೆದು ಹೊರಗೆ ಸಾಗಿಸುವುದೋ, ಜನರನ್ನು ದೂರ ಕಳಿಸುವುದೋ? ಹಡಗಿನವರು, ಬಂದರಿನವರು, ಮದ್ದಿನ ಅಧಿಕಾರಿ, ಬೆಂಕಿ ಪಡೆಯವರು ಎಲ್ಲರೂ ಅಲ್ಲಿದ್ದರು, ಎಲ್ಲರಿಗೂ ಮೇಲೆ ನಿಂತು ‘ಇದು ಹೀಗೇ ಆಗಬೇಕು’ ಅನ್ನುವವರು ಇರಲಿಲ್ಲ. ನಾಲ್ಕು ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಹಡಗು ಸಿಡಿಯಿತು, ಅರ್ಧ ತಾಸಿನೊಳಗೆ ಇನ್ನೊಮ್ಮೆ. ಸತ್ತ ನೂರಾರು ಜನರಲ್ಲಿ 66 ಮಂದಿ ಬೆಂಕಿ ಪಡೆಯವರು. ಅವರ ನೆನಪಿಗೇ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಠಾಣೆಯ ಅಂಗಳದಲ್ಲಿ ಮೌನ ನಿಲ್ಲುತ್ತೇವೆ, ಆಮೇಲೆ ಶಾಲೆ ಮಕ್ಕಳಿಗೆ ಸಿಲಿಂಡರ್ ಬೆಂಕಿ ಆರಿಸಿ ತೋರಿಸುತ್ತೇವೆ. ಎದೆಗಾರಿಕೆಯ ಮಾತು ಬಹಳ ಬರುತ್ತದೆ. ಅಂದು ಹುಕುಂ ಕೊಡಬೇಕಾದವರು ಯಾರಾಗಿದ್ದರು ಎಂಬ ಮಾತು ಅಷ್ಟಾಗಿ ಬರುವುದಿಲ್ಲ. ನನ್ನ ಮಟ್ಟಿಗೆ ಆ ದಿನದ ಮೊದಲ ಪಾಠವೇ ಅದು.

ಸ್ವಾತಂತ್ರ್ಯ ಬಂದ ಮೇಲೆ ದೇಶದ ಬೆಂಕಿ ಪಡೆಗಳೆಲ್ಲ ಒಂದೊಂದು ರೀತಿ. ಕೆಲವು ಪುರಸಭೆಯ ಕೈಯಲ್ಲಿ, ಕೆಲವು ಪೊಲೀಸರ ಕೈಯಲ್ಲಿ. ಒಂದರ ಹೋಸಿನ ಬಾಯಿ ಇನ್ನೊಂದರ ಪಂಪಿಗೆ ಕೂರದ ಕಾಲ. ಇದನ್ನೆಲ್ಲ ಒಂದು ಹದಕ್ಕೆ ತರಲೆಂದು 1955ರಲ್ಲಿ ಕೇಂದ್ರ ಸರಕಾರ ಅಗ್ನಿಶಾಮಕ ಸಲಹೆಗೆ ಸ್ಥಾಯಿ ಸಮಿತಿ ಮಾಡಿತು. ಮರುವರ್ಷ ಉತ್ತರ ಪ್ರದೇಶದ ರಾಂಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಶುರುವಾಯಿತು. 1957ರಲ್ಲಿ ಅದು ನಾಗಪುರಕ್ಕೆ ಬಂತು, ಇಂದಿಗೂ ಅಲ್ಲೇ ಇದೆ. ಸಬ್ ಆಫೀಸರ್ ಕೋರ್ಸು, ಸ್ಟೇಷನ್ ಆಫೀಸರ್ ಮತ್ತು ಇನ್‌ಸ್ಟ್ರಕ್ಟರ್ ಕೋರ್ಸು, ಡಿವಿಜನಲ್ ಆಫೀಸರ್ ಕೋರ್ಸು ಎಂದು ಅಧಿಕಾರದ ಮೆಟ್ಟಿಲಿಗೊಂದು ಪಾಠ ಇಟ್ಟರು. ಪುಸ್ತಕ ಮಾತ್ರ ಬ್ರಿಟಿಷರದೇ, ‘ಮ್ಯಾನುಅಲ್ ಆಫ್ ಫೈರ್‌ಮನ್‌ಶಿಪ್’ ಎಂಬ ಭಾಗ ಭಾಗವಾಗಿ ಬಂದ ಗ್ರಂಥ. ಬಂದರು, ಹಡಗು, ನಾಟಕಶಾಲೆ, ಎಣ್ಣೆ ಟ್ಯಾಂಕು, ಭೂಗತ ರೈಲು ಎಲ್ಲ ಅದರಲ್ಲಿತ್ತು. ನಮ್ಮ ಕಡೆಯ ಕಣಿಕೆ ಬಣವೆ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳದ ಕಾಯ್ದೆಯಾದದ್ದು 1964ರಲ್ಲಿ. ಅದು ಜಾರಿಗೆ ಬಂದ 1965ರ ನವೆಂಬರ್ 5ರಿಂದ ಇಡೀ ರಾಜ್ಯಕ್ಕೆ ಒಂದೇ ದಳ, ಗೃಹ ಇಲಾಖೆಯ ಕೆಳಗೆ. ನಮ್ಮ ಸೀಮೆಯ ಹುಡುಗರಿಗೆ ಇದರಿಂದ ಎರಡು ಅನುಕೂಲವಾಯಿತು: ಒಂದು, ಊರಿನ ಬೆಂಕಿಗೆ ಸರಕಾರದ ಗಾಡಿ, ಇನ್ನೊಂದು, ಎಸ್ಸೆಸ್ಸೆಲ್ಸಿ ಪಾಸಾಗಿ ಮೈಕಟ್ಟು ಇದ್ದವನಿಗೆ ಸರಕಾರಿ ನೌಕರಿ. ನಾನು ಸೇರಿದ್ದು ಎರಡನೆಯದಕ್ಕೆ. ಸುಳ್ಳು ಯಾಕೆ ಹೇಳಲಿ, ಸೇವೆಯ ಆಸೆ ಆಮೇಲೆ ಬಂತು.

ಎಂಬತ್ತರ ದಶಕದ ತರಬೇತಿ ಎಂದರೆ ಬೆಂಗಳೂರು. ಬನ್ನೇರುಘಟ್ಟ ರಸ್ತೆಯ ಅಕಾಡೆಮಿಗೆ ಈಗ ಆರ್.ಎ. ಮುಂಡ್ಕೂರ್ ಅವರ ಹೆಸರಿದೆ. ಹೊಸಬರಿಗೆ ಅಲ್ಲಿ ಕಲಿಸುವುದು ಕೈಕಾಲಿಗೆ: ಹೋಸ್ ಬಿಚ್ಚುವುದು, ಸುತ್ತುವುದು, ಏಣಿ ಹತ್ತುವುದು, ಹುಕ್ ಲ್ಯಾಡರಿನಲ್ಲಿ ಒಂದೊಂದೇ ಮಹಡಿ ಏರುವುದು, ಹಗ್ಗಕ್ಕೆ ಚೇರ್ ನಾಟ್ ಹಾಕಿ ಮನುಷ್ಯನನ್ನು ಇಳಿಸುವುದು. ಹುಕುಂ ಕೇಳಿದೊಡನೆ ಕಾಲು ಓಡಬೇಕು, ತಲೆ ನಡುವೆ ಬರಬಾರದು. ಬಡ್ತಿಯ ತರಬೇತಿ ಇದರ ಉಲ್ಟಾ. ವರ್ಷಾನುಗಟ್ಟಲೆ ಓಡಿದ ಕಾಲನ್ನು ನಿಲ್ಲಿಸಿ, ತಲೆಯನ್ನು ಓಡಿಸು ಅನ್ನುತ್ತಾರೆ. ನನ್ನ ಜೊತೆಯವರಲ್ಲಿ ಎಷ್ಟೋ ಗಟ್ಟಿ ಆಳುಗಳು ಸೋತದ್ದು ಇಲ್ಲೇ. ಬೆಂಕಿ ಕಂಡರೆ ಹೋಸಿನ ತುದಿಯ ಬ್ರಾಂಚ್ ತಾನೇ ಹಿಡಿಯಬೇಕು ಅನ್ನುವ ಚಟ ಬಿಡದವನು ಒಳ್ಳೆಯ ಅಧಿಕಾರಿ ಆಗುವುದು ಕಷ್ಟ. ಅವನ ಬೆನ್ನ ಹಿಂದೆ ಗೋಡೆ ಬಿರುಕು ಬಿಡುತ್ತಿದ್ದರೆ ನೋಡುವವರು ಯಾರು?

ಇನ್ನೊಂದು ಕಷ್ಟ ಪುಸ್ತಕದ್ದು. ಪಾಠ ಇಂಗ್ಲಿಷಿನಲ್ಲಿ, ಓದಿದವರು ಕನ್ನಡ ಶಾಲೆಯವರು. ನೀರಿನ ಲೆಕ್ಕ, ಅಂದರೆ ಹೈಡ್ರಾಲಿಕ್ಸ್, ಬಂದರೆ ಅರ್ಧ ಕ್ಲಾಸು ಬೆವರುತ್ತಿತ್ತು. ಆ ಲೆಕ್ಕವನ್ನೇ ನಾನು ಕೊನೆಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೊಂಡೆ. ನಾಜಲ್ಲಿನ ಬಾಯಿಯ ಅಳತೆಯನ್ನು ಮಿಲಿಮೀಟರಿನಲ್ಲಿ ತಗೊಂಡು ಅದನ್ನು ಅದರಿಂದಲೇ ಗುಣಿಸಿ, ಬಾರ್ ಲೆಕ್ಕದ ಒತ್ತಡದ ವರ್ಗಮೂಲದಿಂದ ಗುಣಿಸಿ, ಮೂರರಲ್ಲಿ ಎರಡು ಪಾಲು ತೆಗೆದರೆ ನಿಮಿಷಕ್ಕೆ ಎಷ್ಟು ಲೀಟರ್ ಹೋಗುತ್ತದೆಂದು ಸಿಗುತ್ತದೆ. 20 ಮಿಲಿಮೀಟರ್ ನಾಜಲ್, 4 ಬಾರ್ ಒತ್ತಡ ಎಂದರೆ 533 ಲೀಟರ್. ನಮ್ಮ ನೀರಿನ ಗಾಡಿ, ಅಂದರೆ ವಾಟರ್ ಟೆಂಡರಿನಲ್ಲಿ ಇರುವುದು 4,500 ಲೀಟರ್. ಅಂದರೆ ಎಂಟೂವರೆ ನಿಮಿಷಕ್ಕೆ ಟ್ಯಾಂಕು ಖಾಲಿ.

ಇದನ್ನು ಬೋರ್ಡಿನ ಮೇಲೆ ಕಲಿಯುವ ಎಷ್ಟೋ ವರ್ಷ ಮೊದಲೇ ನನಗೆ ಬೇರೊಬ್ಬರು ಕಲಿಸಿದ್ದರು. ಹುಬ್ಬಳ್ಳಿ ಕಡೆ ಮೊದಲ ಪೋಸ್ಟಿಂಗ್ ಆದಾಗ ನಮ್ಮ ವಾಚಿನಲ್ಲಿ, ಅಂದರೆ ಪಾಳಿಯಲ್ಲಿ, ಒಬ್ಬ ಹಿರಿಯ ಪ್ರಮುಖ ಅಗ್ನಿಶಾಮಕರಿದ್ದರು. ಅವರನ್ನು ಎಲ್ಲರೂ ‘ಮಾಸ್ತರ’ ಅನ್ನುತ್ತಿದ್ದೆವು, ಆದರೆ ಅವರು ಶಾಲೆ ಕಲಿತದ್ದು ಕಡಿಮೆ. ಬೇಸಿಗೆಯ ಒಂದು ಬಣವೆ ಬೆಂಕಿಗೆ ಹೋಗಿದ್ದೆವು. ನಾನು ಬ್ರಾಂಚ್ ಹಿಡಿದು ಉರಿಯ ನೆತ್ತಿಗೇ ಹೊಡೆಯತೊಡಗಿದೆ. ಮಾಸ್ತರು ಬಂದು ನನ್ನ ಮೊಳಕೈ ಹಿಡಿದು ಬ್ರಾಂಚನ್ನು ಪಕ್ಕಕ್ಕೆ ತಿರುಗಿಸಿದರು.

‘ತಮ್ಮಾ, ಉರಿಯಾಕತ್ತಿದ್ದು ಉರೀಲಿ ಬಿಡು. ಅದು ಆಗಲೇ ಹೋಗೇತಿ. ಬಾಜೂದ್ದು ತೋಯಿಸು.’

ಬಣವೆಯ ಮಾಲೀಕ ನಮ್ಮನ್ನು ಬೈಯತೊಡಗಿದ. ಸುಡುತ್ತಿರುವುದು ತನ್ನದು, ನೀರು ಬೀಳುತ್ತಿರುವುದು ದಾಯಾದಿಯದರ ಮೇಲೆ! ಮಾಸ್ತರು ಅವನನ್ನು ಬದಿಗೆ ಕರೆದು, ಭುಜದ ಮೇಲೆ ಕೈ ಹಾಕಿ ಮಾತಾಡಿಸುತ್ತ ನಿಂತರು. ಗಾಳಿಯ ಕೆಳಗಿದ್ದ ಉಳಿದ ಬಣವೆಗಳು ಉಳಿದವು. ಮೇಲಿನ ಉರಿ ಇಳಿದ ನಂತರ ಸುಟ್ಟದ್ದನ್ನು ಊರವರಿಂದಲೇ ಕೊಕ್ಕೆಯಿಂದ ಎಳೆಸಿ, ಹರವಿ, ಉಳಿದ ನೀರನ್ನು ಒಳಗಿನ ಕೆಂಡಕ್ಕೆ ಹಾಕಿಸಿದರು. ಎಲ್ಲಿ ಸೋಲೊಪ್ಪಿಕೊಂಡರೆ ಎಲ್ಲಿ ಗೆಲ್ಲಬಹುದು ಎಂಬ ಹಂಚಿಕೆ, ಬೈಯುವವನನ್ನು ಸಂಭಾಳಿಸುವುದು, ಊರ ಜನರನ್ನು ಕೆಲಸಕ್ಕೆ ಹಚ್ಚುವುದು ಮೂರೂ ಅಧಿಕಾರಿಯ ಕೆಲಸ. ಮೂರನ್ನೂ ಮಾಡಿದವನ ಭುಜ ಬೋಳಾಗಿತ್ತು.

‘ಬಾವಿ ಇತ್ತಲ್ಲ, ನೀರು ಎಳೀಬಹುದಿತ್ತಲ್ಲ’ ಎಂದು ಓದುಗರು ಕೇಳಬಹುದು. ಪಂಪು ನೀರನ್ನು ಎಳೆಯುವುದಿಲ್ಲ. ಒಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿಯ ಭಾರ ನೀರನ್ನು ಮೇಲೆ ದೂಡುತ್ತದೆ. ಆ ಭಾರ ಎತ್ತಬಲ್ಲದ್ದು ಪುಸ್ತಕದ ಪ್ರಕಾರ ಸುಮಾರು 10 ಮೀಟರ್, ಮೈದಾನದಲ್ಲಿ ಏಳೆಂಟು ಮೀಟರ್ ಬಂದರೆ ಪುಣ್ಯ. ಬಣವೆಗಳು ಸುಡುವುದು ಬೇಸಿಗೆಯಲ್ಲಿ, ಆಗಲೇ ನಮ್ಮ ಕಡೆ ಬಾವಿಯ ನೀರು ತಳ ಕಾಣುವುದು. ಆದ್ದರಿಂದ ಯಾರ ಹೊಲದ ಬೋರು ನಡೆಯುತ್ತದೆ, ಆ ಹೊತ್ತಿಗೆ ಕರೆಂಟು ಇರುತ್ತದೋ ಇಲ್ಲವೋ, ಗಾಡಿ ಹೋಗುವ ದಾರಿ ಇದೆಯೋ ಎಂಬುದನ್ನು ಮಾಸ್ತರು ದಾರಿಯಲ್ಲೇ ಕೇಳಿ ತಿಳಿದಿರುತ್ತಿದ್ದರು, ಕರೆಯಲು ಬಂದ ಹುಡುಗನನ್ನು ಗಾಡಿಯಲ್ಲೇ ಕೂರಿಸಿಕೊಂಡು.

ಹತ್ತಿ ಮತ್ತು ಮೆಣಸಿನಕಾಯಿಯ ಪಾಠವನ್ನು ನಾನು ಆಮೇಲೆ ನಮ್ಮ ಜಿಲ್ಲೆಯಲ್ಲೇ ಕಲಿತೆ. ರಾಣೇಬೆನ್ನೂರು ಕಡೆಯ ಹತ್ತಿ ಜಿನ್ನುಗಳಲ್ಲಿ ಮೇಲಿನ ಉರಿ ಐದು ನಿಮಿಷದಲ್ಲಿ ಆರುತ್ತದೆ. ಹೊಸ ಅಧಿಕಾರಿ ಹೋಸ್ ಸುತ್ತಿಸಿ ಗಾಡಿ ತಿರುಗಿಸಿದರೆ ರಾತ್ರಿ ಮತ್ತೆ ಫೋನು. ಬಿಗಿದ ಅಂಡಿಗೆಯ ಒಳಗೆ ಕಾವು ಹುಳುವಿನ ಹಾಗೆ ಕೊರೆಯುತ್ತ ಹೋಗುತ್ತದೆ, ಮೇಲೆ ಸುರಿದ ನೀರು ಜಾರಿ ಹೋಗುತ್ತದೆ. ಬಿಚ್ಚಿ ಹರವದೆ ವಿಧಿಯಿಲ್ಲ. ಹತ್ತಿ ನೀರು ಕುಡಿದು ಉಬ್ಬಿದರೆ ಗೋಡೆಯನ್ನೇ ಹೊರಕ್ಕೆ ದೂಡುವುದುಂಟು. ಬ್ರೇಡ್‌ವುಡ್ಡನ ಸಾವಿನ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಜಿನ್ನಿನ ಗೋಡೆಗಳೇ.

ಬ್ಯಾಡಗಿಯ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಸರಕು. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೆಸರು. ಸುಡುವಾಗ ಆ ಮಾತು ನಂಬಬೇಡಿ. ಕೋಲ್ಡ್ ಸ್ಟೋರೇಜಿನಲ್ಲಿ ಚೀಲಗಳ ಅಟ್ಟಿಗೆ ಬೆಂಕಿ ತಗುಲಿದರೆ ಹೊಗೆ ಕಣ್ಣು ತೆರೆಯಲು ಬಿಡುವುದಿಲ್ಲ, ಗಂಟಲು ಮುಚ್ಚುತ್ತದೆ. ಕಿಟಕಿಯೂ ಇಲ್ಲದ ಕಟ್ಟಡ. ಒಳಗೆ ಹೋಗುವವನು ಉಸಿರಾಟದ ಉಪಕರಣ, ಅಂದರೆ ಬಿ.ಎ. ಸೆಟ್ ಹಾಕಲೇಬೇಕು, ಆ ಸಿಲಿಂಡರಿನ ಗಾಳಿಗೆ ಲೆಕ್ಕವಿದೆ, ಏದುಸಿರು ಬಿಡುವವನಿಗೆ ಅದು ಇನ್ನೂ ಬೇಗ ತೀರುತ್ತದೆ. ಹೊರಗೆ ಒಬ್ಬನು ಗಡಿಯಾರ ನೋಡುತ್ತ, ಯಾರು ಎಷ್ಟಕ್ಕೆ ಒಳಹೋದರು ಎಂದು ಬರೆದುಕೊಂಡು ನಿಲ್ಲಬೇಕು. ನೋಡುವ ಜನಕ್ಕೆ ಅವನು ಸುಮ್ಮನೆ ನಿಂತಂತೆ ಕಾಣುತ್ತದೆ. ಆ ಸುಮ್ಮನೆ ನಿಲ್ಲುವವನ ಕೆಲಸವನ್ನು ಒಳ್ಳೆಯ ಪ್ರಮುಖನಿಗೆ ವಹಿಸಿದರೆ ಅವನು ಮುಂದೆ ಒಳ್ಳೆಯ ಠಾಣಾಧಿಕಾರಿ ಆಗುತ್ತಾನೆ ಎಂಬುದು ನನ್ನ ಅನುಭವ. ಒಳಗೆ ಹೋಗಿ ಹೀರೋ ಆಗುವವನಿಗಿಂತ ಅವನ ಮೇಲೆ ನನ್ನ ಕಣ್ಣು ಇರುತ್ತಿತ್ತು.

ಅಧಿಕಾರಿಯ ಪಾಠ ಬದಲಾದದ್ದು ದೊಡ್ಡ ಸಾವುಗಳ ಬೆನ್ನಿಗೆ. ನಾನು ಸೇರಿದಾಗ ಬೆಂಗಳೂರಿನ ಹಳಬರು ಇನ್ನೂ ವೀನಸ್ ಸರ್ಕಸ್ಸಿನ ಮಾತಾಡುತ್ತಿದ್ದರು: 1981ರ ಫೆಬ್ರುವರಿ 7, ಡೇರೆ ಹತ್ತಿಕೊಂಡು 92 ಸಾವು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಬೆಂಗಳೂರಿನದೇ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಜನ ಹೋದರು. ಕೆಲವರು ಹೊಗೆ ತಾಳದೆ ಮೇಲಿಂದ ಹಾರಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ನಮ್ಮ ಭಾಗಕ್ಕೆ ಹತ್ತಿರದ್ದು ಧಾರವಾಡದ ಕುಮಾರೇಶ್ವರ ನಗರ. 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಸತ್ತರು, ದಿನಗಳ ಮೇಲೆಯೂ ಜೀವಂತ ಜನ ಹೊರಬಂದರು. ಅಲ್ಲಿ ಬೆಂಕಿಯೇ ಇಲ್ಲ. ನೀರಿನ ಲೆಕ್ಕ ಬರುವವನು ಕಾಂಕ್ರೀಟು ಸೀಳಬೇಕು, ಎನ್‌ಡಿಆರ್‌ಎಫ್, ಪೊಲೀಸ್, ವೈದ್ಯರು, ಅಳುವ ಬಳಗ, ಮಂತ್ರಿಗಳ ಭೇಟಿ ಎಲ್ಲದರ ನಡುವೆ ‘ಎಲ್ಲರೂ ಸುಮ್ಮನಿರಿ, ಒಳಗಿನ ದನಿ ಕೇಳಬೇಕು’ ಅನ್ನುವ ಅಧಿಕಾರ ಚಲಾಯಿಸಬೇಕು. ಅದೇ ವರ್ಷ ಆಗಸ್ಟಿನಲ್ಲಿ ವರದಾ, ತುಂಗಭದ್ರಾ ಉಕ್ಕಿದಾಗ ಬೋಟು. ಇಲಾಖೆಯ ಹೆಸರಿಗೆ ‘ತುರ್ತು ಸೇವೆ’ ಸೇರಿದ ಮೇಲೆ ಪರೀಕ್ಷೆಯ ಹಾಳೆಯೂ ಉದ್ದವಾಯಿತು.

ಹಾಳೆಗೆ ಇನ್ನೂ ಒಗ್ಗದ ಪ್ರಶ್ನೆಗಳಿವೆ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿಯಿತೆಂದು ಸಿಟ್ಟಿಗೆದ್ದ ಬೆಳೆಗಾರರು ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದರು. ಆರಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಅಷ್ಟೊತ್ತಿಗೆ ನಾನು ನಿವೃತ್ತ. ಮೆಣಸಿನಕಾಯಿ ಬೆಳೆದವನ ಹೊಟ್ಟೆಯುರಿಯೂ ನನಗೆ ಗೊತ್ತು, ಗಾಡಿಯಲ್ಲಿ ಕೂತ ಹುಡುಗರ ಎದೆಬಡಿತವೂ ಗೊತ್ತು. ಜನ ಬೆಂಕಿಗೆ ಹೆದರಿ ನಮ್ಮ ಕಡೆ ಓಡಿ ಬರುತ್ತಾರೆ ಎಂಬ ನಂಬಿಕೆಯ ಮೇಲೆ ನಮ್ಮ ಡ್ರಿಲ್ಲೆಲ್ಲ ನಿಂತಿದೆ. ಜನವೇ ಬೆಂಕಿಯ ಕಡೆ ಇದ್ದರೆ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು, ಯಾವಾಗ ಹಿಂದೆ ತೆಗೆಯಬೇಕು ಎಂಬುದನ್ನು ಬಡ್ತಿಯ ಪಾಠದಲ್ಲಿ ನನಗಂತೂ ಯಾರೂ ಹೇಳಿರಲಿಲ್ಲ.

ಈಗ ಠಾಣಾಧಿಕಾರಿಗಳಾಗಿ ವಿಜ್ಞಾನ ಪದವಿಯ ಹುಡುಗರು ನೇರವಾಗಿ ಬರುತ್ತಾರೆ. ತುತ್ತತುದಿಗೆ ಐಪಿಎಸ್‌ನವರು. ನಡುವೆ ಪಟ್ಟಿಯಿಂದ ಮೇಲೆ ಬಂದವರಿಗೆ ಉಳಿದ ಜಾಗ ಕಿರಿದು. ಈ ಬಗ್ಗೆ ನಮ್ಮಲ್ಲಿ ಗೊಣಗಾಟ ಯಾವತ್ತೂ ಇದೆ, ನಾನೂ ಗೊಣಗಿದ್ದೇನೆ. ಆದರೆ ನೇರ ಬಂದವರ ಕೆಮಿಸ್ಟ್ರಿ ನಮಗಿರಲಿಲ್ಲ. ಕ್ಲೋರಿನ್ ಸಿಲಿಂಡರ್ ಸೋರಿದರೆ ಗಾಳಿಗಿಂತ ಭಾರವಾದ ಅನಿಲ ತಗ್ಗಿನ ಕಡೆ ಹರಿಯುತ್ತದೆ ಎಂದು ಅವರು ಹೇಳುವಾಗ ಮಾಸ್ತರಂಥವರೂ ಕೇಳಿಸಿಕೊಳ್ಳಬೇಕು. ನನ್ನ ತಕರಾರು ಇಷ್ಟೇ: ಆ ಹುಡುಗರು ನಕ್ಷತ್ರ ಹಾಕಿಕೊಳ್ಳುವ ಮೊದಲು ಒಂದು ಬೇಸಿಗೆಯನ್ನಾದರೂ ಒಬ್ಬ ಪ್ರಮುಖನ ಕೈಕೆಳಗೆ, ಹಳ್ಳಿಗಳಿರುವ ಠಾಣೆಯಲ್ಲಿ ಕಳೆಯಬೇಕು, ಅದೂ ತರಬೇತಿಯ ಲೆಕ್ಕಕ್ಕೇ ಸೇರಬೇಕು.

ಈಗ ಅದು ನಡೆಯುತ್ತಿಲ್ಲ ಅಂತಲ್ಲ, ಕದ್ದುಮುಚ್ಚಿ ನಡೆಯುತ್ತದೆ. ಸರ್ವಿಸಿನ ಕೊನೆಯ ವರ್ಷಗಳಲ್ಲಿ ಒಮ್ಮೆ ನೋಡಿದೆ. ಹೊಸ ಅಧಿಕಾರಿ ಗಾಡಿಯಿಂದ ಜಿಗಿದು, ಬಣವೆಯ ಎದುರಿಗೇ ಹೋಸ್ ಹಾಸಲು ಹೇಳಿದರು. ಪಕ್ಕದ ಪ್ರಮುಖ ಅಗ್ನಿಶಾಮಕ ಸೆಲ್ಯೂಟ್ ಹೊಡೆದು, ದನಿ ತಗ್ಗಿಸಿ ಕೇಳಿದ:

‘ಸಾಹೇಬ್ರ, ಗಾಳಿ ಎತ್ತಾಗಿಂದ ಬೀಸಾಕತ್ತೇತ್ರಿ?’

ಸಾಹೇಬರು ತಿರುಗಿ ನೋಡಿದರು, ಹೊಗೆ ವಾಲುತ್ತಿದ್ದ ಕಡೆ ನೋಡಿದರು, ಹತ್ತು ಮಾರು ಆಚೆ ಇದ್ದ ಇನ್ನೊಂದು ಬಣವೆ ನೋಡಿದರು. ‘ಹೋಸ್ ಆ ಕಡೆ ಹಾಕ್ರಿ’ ಅಂದರು. ‘ಹೌದ್ರಿ ಸಾಹೇಬ್ರ, ಬರೋಬ್ಬರಿ ಹೇಳಿದ್ರಿ’ ಅಂದು ಅವನು ಓಡಿದ.